ಮನೆಯ ಬಂದೂಕು: ಯಾವದು, ಯಾರಿಗೆ, ಏಕೆ?

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಪೇಟೆಯೊಳಗೆ ಮನೆ, ಹೊಳೆಯ ದಂಡೆಗೆ ಹೊಲ ಇರುವ ಕುಟುಂಬಗಳು ಬಹಳ. ಹೊಲದಲ್ಲಿ ಕಬ್ಬು, ಗೋವಿನಜೋಳ. ಅವಕ್ಕೆ ಕಾಡುಹಂದಿಯ ಕಾಟ. ತೋಟದ ಮನೆ ಊರಿಗೆ ದೂರ. ರಾತ್ರಿ ಕಳ್ಳರ ಅಂಜಿಕೆ. ಇಂಥ ಮನೆಗಳಲ್ಲಿ ಎಂದಾದರೊಮ್ಮೆ “ಒಂದು ಬಂದೂಕು ಇರಲಿ” ಎಂಬ ಮಾತು ಹುಟ್ಟುತ್ತದೆ. ಅದರ ಬೆನ್ನಿಗೇ “ಯಾವದು ಚಲೋ?” ಎಂಬ ಪ್ರಶ್ನೆ. ಪ್ರಶ್ನೆ ಸಹಜವಾದುದೇ. ಆದರೆ ಬಂದೂಕನ್ನು ಆರಿಸುವ ಮೊದಲು ಅದು ಯಾವ ಕೆಲಸಕ್ಕೆ, ಯಾರ ಕೈಗೆ, ಮನೆಯಲ್ಲಿ ಯಾವ ಜಾಗಕ್ಕೆ ಎಂಬ ಮೂರು ಮಾತುಗಳು ತೀರ್ಮಾನವಾಗಬೇಕು. ಇವು ತೀರ್ಮಾನವಾದರೆ ಬಂದೂಕು ತಾನಾಗಿಯೇ ಆರಿಸಲ್ಪಡುತ್ತದೆ; ಒಮ್ಮೊಮ್ಮೆ ಬಂದೂಕೇ ಬೇಡವೆಂದೂ ಗೊತ್ತಾಗುತ್ತದೆ.

ಆಯುಧ ಮತ್ತು ಸರಕಾರ ಇವುಗಳ ಸಂಬಂಧ ನಮ್ಮ ಸೀಮೆಗೆ ಹೊಸದಲ್ಲ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯದೆಯನ್ನು ತಂದಾಗ, ಅಂದಿನ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲಾರೆವೆಂದು ಎದ್ದುನಿಂತರು. ನವೆಂಬರ್ ತಿಂಗಳಲ್ಲಿ ಸೈನ್ಯ ಆ ಊರನ್ನು ಮುತ್ತಿ ಸುಟ್ಟಿತು; ಹಲವರು ಗಲ್ಲಿಗೇರಿದರು. ಆ ಕಥೆಯನ್ನು ಲಾವಣಿಕಾರರು ಉಳಿಸಿದ್ದಾರೆ. ಸ್ವತಂತ್ರ ಭಾರತ 1959ರಲ್ಲಿ ತನ್ನದೇ ಆಯುಧ ಕಾಯದೆಯನ್ನು ಮಾಡಿಕೊಂಡಿತು. ಅಂದು ಪರದೇಶದ ದೊರೆ ಜನರನ್ನು ಅಂಜಿ ಆಯುಧ ಕಸಿದನು, ಇಂದಿನ ಕಾಯದೆ ಕೇಳುವದು “ಈ ಆಯುಧಕ್ಕೆ ಹೊಣೆ ಯಾರು?” ಎಂಬುದನ್ನು. ಎರಡರ ಭೇದ ತಿಳಿದರೆ ಪರವಾನಿಗೆಯ ಕಾಗದಪತ್ರ ಬರೀ ತೊಡಕೆನಿಸದು.

ಮೊದಲು ಬೇಟೆಯ ಮಾತು. ಅಜ್ಜನ ಕಾಲದಲ್ಲಿ ಮೊಲ, ಗೌಜಲಹಕ್ಕಿ ಹೊಡೆಯಲು ಬಂದೂಕು ಹೊತ್ತು ಹೋಗುತ್ತಿದ್ದುದು ಅನೇಕ ಮನೆತನಗಳ ನೆನಪು. ಆ ಕಾಲ ಮುಗಿದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯದೆಯ ಪ್ರಕಾರ ಮೊಲ, ಗೌಜಲ, ಚಿಗರಿ, ನವಿಲು, ತೋಳ ಎಲ್ಲವೂ ರಕ್ಷಿತ ಪ್ರಾಣಿಗಳು. ಗೋಕಾಕದ ಹತ್ತಿರ ಧೂಪದಾಳದ ಹಿನ್ನೀರಿನ ಸುತ್ತು ಘಟಪ್ರಭಾ ಪಕ್ಷಿಧಾಮವೇ ಇದೆ. ಕಾಯದೆ ಬೇಟೆಯೆನ್ನುವದು ಗುಂಡು ಹಾರಿಸುವದನ್ನು ಮಾತ್ರವಲ್ಲ; ಉರುಲು ಹಾಕುವದು, ವಿಷವಿಡುವದು, ನಾಯಿ ಬಿಟ್ಟು ಅಟ್ಟಿಸುವದು ಇವೂ ಬೇಟೆಯೇ. ಮುಧೋಳದ ನಾಯಿಯನ್ನು ಮೊಲದ ಬೆನ್ನು ಹತ್ತಿಸಿದವನೂ, ಹುಡುಗನ ಕೈಗೆ ಛರೆ ಬಂದೂಕು ಕೊಟ್ಟು ಹಕ್ಕಿ ಹೊಡೆಯಿಸಿದವನೂ ತಪ್ಪಿತಸ್ಥರೇ. ಶಿಕ್ಷೆಯಾದವನ ಬಂದೂಕಿನ ಪರವಾನಿಗೆಯನ್ನು ರದ್ದುಮಾಡಲು ನ್ಯಾಯಾಲಯ ಆಜ್ಞೆ ಮಾಡಬಹುದು. ಮುಂದೆ ಐದು ವರ್ಷ ಅವನಿಗೆ ಪರವಾನಿಗೆ ದೊರೆಯದಂತೆಯೂ ಅದು ಆಜ್ಞೆ ಮಾಡಬಹುದು. ಆದುದರಿಂದ “ಶಿಕಾರಿಗೆ ಯಾವ ಬಂದೂಕು?” ಎಂಬ ಪ್ರಶ್ನೆಗೆ ಉತ್ತರ ಒಂದೇ: ಯಾವದೂ ಅಲ್ಲ. ಗುರಿ ಹಿಡಿಯುವ ಆಸೆಯಿದ್ದ ಮಕ್ಕಳಿಗೆ ಶೂಟಿಂಗ್ ಕ್ರೀಡೆಯ ದಾರಿ ತೆರೆದಿದೆ.

ಬೆಳೆಯ ರಕ್ಷಣೆಯ ಮಾತು ಬೇರೆ. ಕಾಡುಹಂದಿಯೂ ರಕ್ಷಿತ ಪ್ರಾಣಿಯೇ. ಆದರೆ ಅದು ಜೀವಕ್ಕೆ ಅಥವಾ ನಿಂತ ಬೆಳೆಗೆ ಅಪಾಯಕಾರಿಯಾದಾಗ, ಅಧಿಕಾರವುಳ್ಳ ಅರಣ್ಯಾಧಿಕಾರಿ ಕಾರಣ ತೋರಿಸಿ ಬರೆದುಕೊಟ್ಟ ಅಪ್ಪಣೆಯ ಮೇಲೆ ಅದನ್ನು ಕೊಲ್ಲಲು ಅವಕಾಶವಿದೆ. ಬಂದೂಕಿನ ಪರವಾನಿಗೆ ಬೇರೆ, ಈ ಅಪ್ಪಣೆ ಬೇರೆ. ಒಂದಿದ್ದರೆ ಇನ್ನೊಂದು ಇದ್ದಂತಾಗದು. ಸತ್ತ ಪ್ರಾಣಿ ಸರಕಾರದ ಸೊತ್ತು. ತಿನಿಸಿನಲ್ಲಿ ಮದ್ದಿನ ಉಂಡೆ ಹುದುಗಿಸಿಡುವದು, ಬೇಲಿಗೆ ವಿದ್ಯುತ್ತು ಹರಿಯಬಿಡುವದು ಅಪರಾಧವಷ್ಟೇ ಅಲ್ಲ. ಅದಕ್ಕೆ ಬಲಿಯಾಗುವದು ನೆರೆಯವರ ಎಮ್ಮೆಯೂ ಆಗಬಹುದು, ಕಬ್ಬು ಕಡಿಯಲು ಬಂದ ಆಳೂ ಆಗಬಹುದು.

ಇನ್ನು ಬಂದೂಕಿನ ಜಾತಿಗಳನ್ನು ನೋಡೋಣ. ಸಾಮಾನ್ಯ ಕುಟುಂಬಕ್ಕೆ ಕಾನೂನಿನಂತೆ ದೊರೆಯಬಲ್ಲವು ಮುಖ್ಯವಾಗಿ ನಾಲ್ಕು ಬಗೆ: ಬಾಯಿಯಿಂದ ಮದ್ದು ತುಂಬುವ ಹಳೆಯ ಬಂದೂಕು; ಒಂಟಿ ಅಥವಾ ಜೋಡುನಳಿಗೆಯ 12 ಬೋರ್ ಕಾಡತೂಸು ಬಂದೂಕು; .315 ರೈಫಲ್; .32 ರಿವಾಲ್ವರ್ ಅಥವಾ ಪಿಸ್ತೂಲು. 12 ಬೋರ್ ಎಂದರೆ ನಳಿಗೆಗೆ ಸರಿಯಾಗಿ ಹಿಡಿಯುವ ಸೀಸದ ಗುಂಡುಗಳು ಪೌಂಡಿಗೆ 12 ತೂಗುತ್ತವೆಂದು ಅರ್ಥ. ನಳಿಗೆಯ ಒಳವ್ಯಾಸ ಸುಮಾರು 18.5 ಮಿಲಿಮೀಟರ್.

ಹೊಲಕ್ಕೆ ರೈಫಲ್ ಸಲ್ಲದು. ಅದರ ಗುಂಡು ಗುರಿ ತಪ್ಪಿದರೆ ಒಂದು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ನಮ್ಮ ಬಯಲುಸೀಮೆಯಲ್ಲಿ ಆ ದಾರಿಯಲ್ಲಿ ಇನ್ನೊಬ್ಬರ ಹೊಲ, ಇನ್ನೊಬ್ಬರ ಗುಡಿಸಲು ಇದ್ದೇ ಇರುತ್ತದೆ. ಬಾಯಿಯಿಂದ ತುಂಬುವ ಬಂದೂಕಿಗೆ ಮದ್ದು ಹೆಚ್ಚಾದರೆ ನಳಿಗೆಯೇ ಸಿಡಿಯಬಹುದು. ತುಂಬಿದ್ದು ತೆಗೆಯುವದೂ ಕಷ್ಟ. ಇವೆರಡರ ನಡುವೆ 12 ಬೋರಿನ ಜೋಡುನಳಿಗೆ ವಿವೇಕದ ಆಯ್ಕೆ. ಅದರ ಛರೆಗಳ ಬಲ ಬೇಗ ಕುಂದುತ್ತದೆ. ಮಡಿಚಿ ತೆರೆದರೆ ಒಳಗೆ ಕಾಡತೂಸು ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಮನೆಯ ಬಂದೂಕಿಗೆ ಇದಕ್ಕಿಂತ ದೊಡ್ಡ ಗುಣವಿಲ್ಲ.

ರಿವಾಲ್ವರ್ ಚಿಕ್ಕದು, ಹಗುರ. ಆದುದರಿಂದ ಹೆಂಗಸರಿಗೆ ಒಳ್ಳೆಯದೆಂಬ ಅಭಿಪ್ರಾಯವುಂಟು. 2014ರಲ್ಲಿ ಕಾನಪುರದ ಸರಕಾರಿ ಕಾರಖಾನೆ “ನಿರ್ಭೀಕ” ಎಂಬ ಸುಮಾರು ಅರ್ಧ ಕಿಲೋ ತೂಕದ .32 ರಿವಾಲ್ವರನ್ನು ಈ ಉದ್ದೇಶದಿಂದಲೇ ಹೊರತಂದಿತು. ಆದರೆ ನಳಿಗೆ ಗಿಡ್ಡವಾದಷ್ಟೂ ಗುರಿ ಹಿಡಿಯುವದು ಕಷ್ಟ. ಚಿಕ್ಕ ಆಯುಧ ದಿಂಬಿನ ಕೆಳಗೂ ಇರುತ್ತದೆ, ಅಲ್ಲಿಂದ ಮಗುವಿನ ಕೈಗೂ ಸುಲಭವಾಗಿ ಬರುತ್ತದೆ. ಛರೆ ಬಂದೂಕಿಗೆ ಗುರಿ ಬೇಕಿಲ್ಲವೆಂಬುದೂ ಭ್ರಮೆಯೇ. ಕೋಣೆಯ ಅಳತೆಯಲ್ಲಿ ಛರೆಗಳು ಅಂಗೈಯಗಲಕ್ಕಿಂತ ಹೆಚ್ಚೇನೂ ಹರಡುವದಿಲ್ಲ.

ಈಗ ಯಾರ ಕೈಗೆ ಎಂಬ ಮಾತು. ಪರವಾನಿಗೆ ಮನೆಗೆ ಕೊಡುವದಲ್ಲ, ವ್ಯಕ್ತಿಗೆ ಕೊಡುವದು. ತಂದೆಯ ಹೆಸರಿನ ಬಂದೂಕನ್ನು ಮಗನು ತನ್ನದೆಂಬಂತೆ ಹೊತ್ತು ತಿರುಗುವಂತಿಲ್ಲ. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. 2016ರ ಆಯುಧ ನಿಯಮಗಳಂತೆ ತರಬೇತಿಯೂ ಬೇಕು, ಆಯುಧವನ್ನು ಭದ್ರವಾಗಿ ಇಡುವ ಭರವಸೆಯೂ ಬೇಕು. 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಎರಡೇ ಆಯುಧ. ಪರವಾನಿಗೆಯ ಅವಧಿ ಐದು ವರ್ಷ. ಮದುವೆ ಮೆರವಣಿಗೆಯಲ್ಲಿ ಪರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆವಾಸವಾಗಬಹುದು. ಕೊಡವರಿಗೆ ಕೆಲವು ಆಯುಧಗಳ ಮಟ್ಟಿಗೆ ಪರವಾನಿಗೆಯಿಂದ ಇರುವ ವಿನಾಯಿತಿಯನ್ನು ಕೆಲವರು ಎತ್ತಿ ಹೇಳುತ್ತಾರೆ. ಅದು ನಮ್ಮ ಜಿಲ್ಲೆಗೆ ಅನ್ವಯಿಸುವದಿಲ್ಲ.

ಅಜ್ಜನ ಬಂದೂಕು ಅಟ್ಟದ ಮೇಲಿದೆ, ಅಜ್ಜನಿಲ್ಲ ಎಂಬ ಮನೆಗಳಿಗೆ ಒಂದು ವಿಶೇಷ ಸೂಚನೆ. ಪರವಾನಿಗೆಯವರು ತೀರಿಕೊಂಡ ಬಳಿಕ ಆ ಆಯುಧವನ್ನು ತಡಮಾಡದೆ ಪೋಲೀಸ ಠಾಣೆಯಲ್ಲಿ ಅಥವಾ ಪರವಾನಿಗೆಯುಳ್ಳ ಅಂಗಡಿಯಲ್ಲಿ ಒಪ್ಪಿಸಿ, ವಾರಸುದಾರರ ಹೆಸರಿಗೆ ಅರ್ಜಿ ಕೊಡಬೇಕು. ಹಿರಿಯರು ಬದುಕಿರುವಾಗಲೇ, ಅವರಿಗೆ 70 ವರ್ಷವಾದಾಗ ಅಥವಾ ಬಂದೂಕು 25 ವರ್ಷ ಅವರಲ್ಲಿದ್ದಾಗ, ವಾರಸುದಾರರೊಬ್ಬರನ್ನು ಸೂಚಿಸಲು ನಿಯಮಗಳಲ್ಲಿ ಅವಕಾಶವಿದೆ. ಮುದುಕರ ಮುಂದೆ ಈ ಮಾತೆತ್ತಲು ಮನಸ್ಸು ಹಿಂಜರಿಯಬಹುದು; ಎತ್ತದೆ ಬಿಟ್ಟರೆ ಮಕ್ಕಳು ತಿಳಿಯದೆಯೇ ಅಪರಾಧಿಗಳಾಗುತ್ತಾರೆ.

ಮನೆಯಲ್ಲಿ ಬಂದೂಕಿನ ಜಾಗ ಗೋಡೆಯ ಗೂಟವಲ್ಲ. ಕಾಡತೂಸು ತೆಗೆದು ಬಂದೂಕನ್ನು ಬೀಗದ ಕಪಾಟಿನಲ್ಲಿ, ಕಾಡತೂಸುಗಳನ್ನು ಬೇರೆ ಬೀಗದಲ್ಲಿ ಇಡಿರಿ. ಕೀಲಿಕೈ ಪರವಾನಿಗೆಯವರ ಹತ್ತಿರವೇ ಇರಲಿ. ಬರಿದೆಂದು ಎಷ್ಟೇ ಖಾತ್ರಿಯಿದ್ದರೂ ಬಂದೂಕನ್ನು ತುಂಬಿದ್ದೆಂದೇ ಭಾವಿಸಿರಿ. ಬಾಯಿಯನ್ನು ಯಾರ ಕಡೆಗೂ ತಿರುಗಿಸಬೇಡಿರಿ. ಮನೆಯಲ್ಲಿ ಕುಡಿತ, ಕಲಹ ಅಥವಾ ಮನಸ್ಸಿನ ಬೇನೆ ಇದ್ದಲ್ಲಿ ಬಂದೂಕು ತರುವ ವಿಚಾರವನ್ನೇ ಬಿಡುವದು ಲೇಸು. ಹೊರಗಿನ ಕಳ್ಳ ಬಂದಾನೋ ಬಾರನೋ. ಒಳಗಿನ ಸಿಟ್ಟು ಮಾತ್ರ ದಿನವೂ ಮನೆಯಲ್ಲೇ ಇರುತ್ತದೆ.

ಹೀಗೆ ಬೀಗದಲ್ಲಿಟ್ಟರೆ ಕಳ್ಳ ಬಂದಾಗ ಉಪಯೋಗವೇನೆಂದು ನೀವು ಕೇಳಬಹುದು. ಆ ಸಂದೇಹ ಸರಿಯೇ. ಅದಕ್ಕಾಗಿಯೇ ಬಂದೂಕು ಮನೆಯ ಕೊನೆಯ ಕಾವಲು, ಮೊದಲನೆಯದಲ್ಲ. ಗಟ್ಟಿ ಬಾಗಿಲು, ಅಂಗಳದ ದೀಪ, ಬೊಗಳುವ ನಾಯಿ, ಕೂಗಿದರೆ ಓಗೊಡುವ ನೆರೆಯವರು, ಪೋಲೀಸರನ್ನು ಕರೆಯುವ 112 ಸಂಖ್ಯೆ ಇವು ಮೊದಲಿನವು. ಚುನಾವಣೆ ಬಂದಾಗ ಪರವಾನಿಗೆಯ ಆಯುಧಗಳನ್ನು ಠಾಣೆಯಲ್ಲಿಡುವಂತೆ ಆಜ್ಞೆಯಾಗುವದುಂಟು. ಆ ವಾರಗಳಲ್ಲಿಯೂ ನಿಮ್ಮ ಮನೆ ಸುರಕ್ಷಿತವಾಗಿರಬೇಕಷ್ಟೆ? 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಆತ್ಮರಕ್ಷಣೆಯ ಹಕ್ಕನ್ನು ಒಪ್ಪಿದೆ. ಆದರೆ ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕನ್ನು ಕೊಟ್ಟಿಲ್ಲ. ಬೆನ್ನು ತೋರಿಸಿ ಓಡುವವನಿಗೆ ಗುಂಡು ಹಾಕಿದರೆ ಕಟಕಟೆಯಲ್ಲಿ ನಿಲ್ಲುವವರು ನೀವೇ ಆಗಬಹುದು.

ಆದುದರಿಂದ ಮೊದಲು ಈ ಕಾವಲುಗಳನ್ನು ಗಟ್ಟಿಮಾಡಿಕೊಳ್ಳಿರಿ. ಅದಾದ ಮೇಲೂ ಅವಶ್ಯವೆನಿಸಿದರೆ, ಮನೆಯಲ್ಲಿ ಶಾಂತಸ್ವಭಾವದ ಒಬ್ಬರ ಹೆಸರಿನಲ್ಲಿ, ಅವರ ಹೆಗಲಿಗೆ ಹೊಂದುವಂಥ, ಮಡಿಚಿ ತೆರೆದು ನೋಡಬಲ್ಲಂಥ ಒಂದು ಜೋಡುನಳಿಗೆ ಸಾಕು.