ಜೀವ ತೆಗೆದ ತೆನೆ

ಇಂಗ್ಲಿಷ್ ಪತ್ರಿಕೆಗಳಲ್ಲಿ ಆಗೊಮ್ಮೆ ಈಗೊಮ್ಮೆ ‘ಶಿಬ್ಬೊಲೆತ್’ ಎಂಬ ಪದ ಕಣ್ಣಿಗೆ ಬೀಳುತ್ತದೆ. ಹುಟ್ಟಿನಿಂದ ಅದು ಇಂಗ್ಲಿಷ್ ಅಲ್ಲ, ಹೀಬ್ರೂ. ಅರ್ಥ ತೀರಾ ಸಾಧುವಾದದ್ದು: ಕಾಳಿನ ತೆನೆ. ಹರಿಯುವ ನೀರು ಎಂಬ ಅರ್ಥವೂ ಉಂಟು. ಈ ಪದ ಜೀವ ತೆಗೆದ ಕಥೆ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ, ‘ನ್ಯಾಯಸ್ಥಾಪಕರು’ ಎಂಬ ಭಾಗದ 12ನೇ ಅಧ್ಯಾಯದಲ್ಲಿದೆ.

ಗಿಲ್ಯಾದಿನವರಿಗೂ ಎಫ್ರಾಯೀಮ್ ಕುಲದವರಿಗೂ ಜಗಳವಾಯಿತು. ಇಬ್ಬರೂ ಇಸ್ರಾಯೇಲರೇ, ನಮ್ಮ ದಾಯಾದಿಗಳಿದ್ದಂತೆ ಅನ್ನಿ. ಯೆಫ್ತಾಹ ಎಂಬ ನಾಯಕನ ಹಿಂದೆ ನಿಂತ ಗಿಲ್ಯಾದಿನವರು ಗೆದ್ದರು. ಸೋತವರು ಊರು ಸೇರಲು ಯೊರ್ದನ್ ಹೊಳೆ ದಾಟಬೇಕು. ಆದರೆ ಹೊಳೆ ದಾಟುವ ಜಾಗಗಳಲ್ಲೆಲ್ಲ ಗೆದ್ದವರ ಕಾವಲು ಬಿದ್ದಿತ್ತು.

ಮುಖ ನೋಡಿದರೆ ಯಾರು ಯಾವ ಕುಲವೆಂದು ಹೇಳುವಂತಿರಲಿಲ್ಲ. ಕೇಳಿದರೆ, ನಾನು ಎಫ್ರಾಯೀಮಿನವನಲ್ಲ ಎಂದೇ ಎಲ್ಲರೂ ಹೇಳುತ್ತಿದ್ದರು. ಆಗ ಕಾವಲಿನವರು ಒಂದು ಉಪಾಯ ಹೂಡಿದರು. ಎಲ್ಲಿ, ‘ಶಿಬ್ಬೊಲೆತ್’ ಅನ್ನು ನೋಡೋಣ! ಎಫ್ರಾಯೀಮರ ನಾಲಿಗೆಗೆ ‘ಶ’ ಹೊರಳದು. ‘ಸಿಬ್ಬೊಲೆತ್’ ಎಂದವನು ಅಲ್ಲೇ ಸಿಕ್ಕಿಬಿದ್ದ, ಅಲ್ಲೇ ಸತ್ತ. ಆ ಕಾಲದಲ್ಲಿ ಎಫ್ರಾಯೀಮರ 42,000 ಜನ ಸತ್ತರೆಂದು ಬರೆದಿದೆ.

ಇಂಥ ಪರೀಕ್ಷೆ ಆಮೇಲೂ ನಡೆದಿದೆ. ಎರಡನೇ ಮಹಾಯುದ್ಧದಲ್ಲಿ ಡಚ್ಚರು ಜರ್ಮನ್ ಗೂಢಚಾರರನ್ನು ಹಿಡಿಯಲು ತಮ್ಮ ಕಡಲತೀರದ ‘ಸ್ಖೇವನಿಂಗನ್’ ಊರಿನ ಹೆಸರು ಹೇಳಿಸುತ್ತಿದ್ದರಂತೆ. ಜರ್ಮನರ ಬಾಯಲ್ಲಿ ಅದು ‘ಶೇ’ ಎಂದೇ ಶುರುವಾಗುತ್ತಿತ್ತು!

ಇಂಗ್ಲಿಷಿನಲ್ಲಿ ಈಗ ಈ ಪದಕ್ಕೆ, ‘ಇವನು ನಮ್ಮವನು, ಅವನು ಹೊರಗಿನವನು’ ಎಂದು ತೋರಿಸಿಕೊಡುವ ಮಾತು ಅಥವಾ ರೂಢಿ ಎಂಬ ಅರ್ಥ. ಒಂದು ಪಕ್ಷದವರು ಬಹುಕಾಲದಿಂದ ಹೇಳುತ್ತಾ ಬಂದು ಸವೆದುಹೋದ ಘೋಷಣೆಯನ್ನೂ ಹಾಗೆನ್ನುತ್ತಾರೆ. ವಿಶ್ವವಿದ್ಯಾಲಯಗಳ ಕಂಪ್ಯೂಟರುಗಳಲ್ಲಿ ಬಳಸುವ ಒಂದು ಸಾಫ್ಟ್‌ವೇರಿನ ಹೆಸರೂ ಇದೇ. ಒಳಗೆ ಬರುವವರು ಯಾರೆಂದು ಖಚಿತಪಡಿಸಿಕೊಳ್ಳುವುದು ಅದರ ಕೆಲಸ. ಪಾಸ್‌ವರ್ಡ್ ತಪ್ಪಿದರೆ ಬಾಗಿಲು ತೆರೆಯದು, ಅಷ್ಟೇ, ಪುಣ್ಯ!

ಮಕ್ಕಳೇ, ‘ಶ’ ಮತ್ತು ‘ಸ’ದ ಈ ತಂಟೆ ನಮಗೆ ಹೊಸದಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಶಾಲೆಗೆ ‘ಸಾಲಿ’ ಅನ್ನುತ್ತಾರೆ. ಪೇಟೆಯ ತರಗತಿಯಲ್ಲಿ ಒಬ್ಬ ಹುಡುಗ ಹಾಗೆಂದರೆ ಬೆಂಚೆಲ್ಲ ಕಿಸಕ್ಕೆಂದು ನಗುತ್ತದೆ. ಆಮೇಲೆ ಅವನು ಬಾಯಿ ತೆರೆಯುವುದೇ ಇಲ್ಲ. ಅದೇ ಬೆಂಚಿನವರು ಮುಂದಿನ ಪೀರಿಯಡ್ಡಿನಲ್ಲಿ ‘ಆಕಾಶ–ಆಗಸ, ಶ್ರೀ–ಸಿರಿ’ ಎಂದು ತತ್ಸಮ-ತದ್ಭವ ಬರೆದು ಅಂಕ ತೆಗೆದುಕೊಳ್ಳುತ್ತಾರೆ.