ಮನೆಯೊಳಗಿನ ಪಂದ್ಯದ ಕಾರು

ಅಂಚೆಚೀಟಿ, ನಾಣ್ಯ, ಗ್ರಾಮಾಫೋನ್ ತಟ್ಟೆಗಳನ್ನು ಕೂಡಿಡುವವರನ್ನು ನಾವೆಲ್ಲ ಬಲ್ಲೆವು. ಬೀರುವಿನಷ್ಟು ಎತ್ತರದ, ನಾಲ್ಕಾಳು ಸೇರಿದರೂ ಏದುಸಿರು ಬಿಡಿಸುವ ಯಂತ್ರಗಳನ್ನು ಮನೆಯಲ್ಲಿ ಸಂಗ್ರಹಿಸುವವರೂ ಇದ್ದಾರೆಂದರೆ ಓದುಗರಿಗೆ ಸೋಜಿಗವೆನಿಸಬಹುದು. ಅಮೆರಿಕ, ಜಪಾನ್, ಇಂಗ್ಲೆಂಡ್‌ಗಳ ಆಟದ ಮಳಿಗೆಗಳಲ್ಲಿ 1970 ಮತ್ತು 80ರ ದಶಕಗಳಲ್ಲಿ ಕಾಸು ಹಾಕಿ ಆಡುತ್ತಿದ್ದ ಕಾರು ಪಂದ್ಯದ ವಿಡಿಯೋ ಯಂತ್ರಗಳು ಈಗ ಹವ್ಯಾಸಿಗಳ ಗ್ಯಾರೇಜು, ನೆಲಮಾಳಿಗೆಗಳನ್ನು ಸೇರಿವೆ. ಹಾಸಿಗೆ ಸುತ್ತಿಟ್ಟ ಮೇಲಷ್ಟೇ ಊಟಕ್ಕೆ ಜಾಗವಾಗುವ ಮುಂಬಯಿಯ ಬಿಡಾರಗಳಿಗೆ ಈ ಹವ್ಯಾಸ ಒಗ್ಗದು, ನಿಜ. ಆದರೂ ಅದರ ಕಥೆ ಕೇಳತಕ್ಕದ್ದು.

1974ರಲ್ಲಿ ಅಟಾರಿ ಕಂಪನಿ ‘ಗ್ರಾನ್ ಟ್ರ್ಯಾಕ್ 10’ ಎಂಬ ಯಂತ್ರವನ್ನು ಹೊರತಂದಿತು. ಸ್ಟಿಯರಿಂಗ್ ಚಕ್ರ, ಗೇರು, ಪೆಡಲುಗಳೆಲ್ಲ ಇದ್ದ ಆ ಪೆಟ್ಟಿಗೆಯಲ್ಲಿ ಮೈಕ್ರೋಪ್ರೊಸೆಸರ್ ಮಾತ್ರ ಇರಲಿಲ್ಲ. ಬಿಡಿಬಿಡಿ ಚಿಪ್ಪುಗಳನ್ನು ಹೆಣೆದ ಮಂಡಲವೇ ಪರದೆಯ ಮೇಲೆ ಓಟದ ಹಾದಿಯನ್ನು ಮೂಡಿಸುತ್ತಿತ್ತು. ಎರಡು ವರ್ಷಗಳ ತರುವಾಯ ಅದೇ ಕಂಪನಿಯ ‘ನೈಟ್ ಡ್ರೈವರ್’ ಬಂದಿತು. ಕಪ್ಪು ಪರದೆಯ ಎರಡು ಬದಿಯಲ್ಲಿ ಬಿಳಿಯ ಕಂಬಗಳು ದೊಡ್ಡವಾಗುತ್ತ ಎದುರು ಬರುತ್ತವೆ, ಅಷ್ಟೆ. ಆಟಗಾರನ ಕಾರೋ, ಪರದೆಗೆ ಅಂಟಿಸಿದ ಒಂದು ಪ್ಲಾಸ್ಟಿಕ್ ಚಿತ್ರ! ಅಷ್ಟು ಬಡತನದಲ್ಲಿಯೂ ಇರುಳಿನ ಹೆದ್ದಾರಿಯ ಭ್ರಮೆ ಹುಟ್ಟಿಸಿದ ಜಾಣ್ಮೆಯನ್ನು ಮೆಚ್ಚದಿರಲಾಗದು. 1982ರಲ್ಲಿ ಜಪಾನಿನ ನ್ಯಾಮ್ಕೊ ಸಂಸ್ಥೆಯ ‘ಪೋಲ್ ಪೊಸಿಷನ್’ ಬಣ್ಣದಲ್ಲಿ ಫುಜಿ ಓಟದಂಗಳವನ್ನು ತೋರಿಸಿತು. 1986ರಲ್ಲಿ ಸೆಗಾ ಸಂಸ್ಥೆಯ ಯು ಸುಜುಕಿ ರೂಪಿಸಿದ ‘ಔಟ್‌ರನ್’ ಬಂದಾಗ ಚಕ್ರ ತಿರುಗಿಸಿದತ್ತ ಆಸನವೇ ವಾಲತೊಡಗಿತು.

ಈ ಆಟಗಳ ಪ್ರೋಗ್ರಾಮುಗಳನ್ನು ಇಂದು ಮನೆಯ ಕಂಪ್ಯೂಟರಿನಲ್ಲಿಯೇ ನಡೆಸಬಹುದು. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯ ಆರಂಭಿಸಿದ ‘ಮೇಮ್’ ಎಂಬ ತಂತ್ರಾಂಶ ಅದನ್ನು ಸಾಧ್ಯಗೊಳಿಸಿತು. ಹಾಗಿದ್ದ ಮೇಲೆ ಈ ಭಾರಿ ಪೆಟ್ಟಿಗೆಗಳೇಕೆ ಎಂದು ಕೇಳಬಹುದು. ಉತ್ತರ ಚಕ್ರದಲ್ಲಿದೆ. ಪೋಲ್ ಪೊಸಿಷನ್ನಿನ ಚಕ್ರ ತಡೆಯಿಲ್ಲದೆ ಸುತ್ತುತ್ತದೆ; ಅದರೊಂದಿಗೆ ತಿರುಗುವ ಸೀಳುಬಿಲ್ಲೆಯ ಮೂಲಕ ಹಾಯುವ ಬೆಳಕನ್ನು ಎಣಿಸಿ ಯಂತ್ರವು ತಿರುವನ್ನು ಅರಿಯುತ್ತದೆ. ಔಟ್‌ರನ್ನಿನ ಚಕ್ರವಾದರೋ ಒಂದು ಮಿತಿಗೆ ನಿಲ್ಲುತ್ತದೆ. ಅಲ್ಲಿ ಅಳೆಯುವುದು ಪೊಟೆನ್ಷಿಯೋಮೀಟರ್, ಅಂದರೆ ಹಳೆಯ ರೇಡಿಯೋದ ಧ್ವನಿ ಏರಿಸುವ ಗುಂಡಿಯ ಹಿಂದಿರುವಂಥದೇ ಭಾಗ. ಕೀಲಿಮಣೆಯ ಗುಂಡಿಗೆ ಒತ್ತುವುದು, ಬಿಡುವುದು ಎಂಬ ಎರಡೇ ಗತಿ. ಅಂಗೈಯಲ್ಲಿ ತಿರುವಿನ ಅಂದಾಜು ಸಿಕ್ಕುವುದಿಲ್ಲ. ಹುಣಿಸೆ ಹುಳಿಯಿಲ್ಲದ ಸಾರಿನಂತೆ ಆ ಆಟ. ಆದುದರಿಂದ ಪೆಟ್ಟಿಗೆ ಹೋದರೆ ಆಟದ ಅರ್ಧ ಹೋದಂತೆಯೇ ಎಂಬ ಸಂಗ್ರಾಹಕರ ವಾದ ಹುರುಳಿಲ್ಲದ್ದಲ್ಲ.

ಆದರೆ ಪೆಟ್ಟಿಗೆಗೂ ಮುಪ್ಪುಂಟು. ಕೆಪಾಸಿಟರುಗಳು ಒಣಗಿ ಚಿತ್ರ ನಡುಗುತ್ತದೆ. ಪೊಟೆನ್ಷಿಯೋಮೀಟರ್ ಸವೆದು ನೇರ ಹೋಗಬೇಕಾದ ಕಾರು ಒಂದೇ ಮಗ್ಗುಲಿಗೆ ಎಳೆಯುತ್ತದೆ. 1989ರ ‘ಟರ್ಬೊ ಔಟ್‌ರನ್’ ಮೊದಲಾದ ಕೆಲವು ಸೆಗಾ ಯಂತ್ರಗಳಲ್ಲಿ ಪ್ರೋಗ್ರಾಮಿನ ಗುಪ್ತಲಿಪಿ ಬಿಡಿಸುವ ಕೀಲಿಯನ್ನು ಬ್ಯಾಟರಿಯ ಆಧಾರದ ಮೇಲೆ ಇರಿಸಿದ್ದರು. ಬ್ಯಾಟರಿ ಮುಗಿದಂದು ಯಂತ್ರವೂ ಮುಗಿಯಿತು! ಹವ್ಯಾಸಿಗಳು ಆ ಗುಟ್ಟನ್ನು ಭೇದಿಸಿ ಎಷ್ಟೋ ಯಂತ್ರಗಳಿಗೆ ಮರುಜೀವ ಕೊಟ್ಟಿದ್ದಾರೆ.

ಸಂಗ್ರಾಹಕನ ಜೀವದ ಮಾತನ್ನೂ ಇಲ್ಲಿ ಆಡಲೇಬೇಕು. ಹಳೆಯ ಬಣ್ಣದ ಪಿಕ್ಚರ್ ಟ್ಯೂಬಿನಲ್ಲಿ 20,000 ವೋಲ್ಟಿಗೂ ಮಿಗಿಲಾದ ವಿದ್ಯುತ್ತು ಇರಬಹುದು. ಪ್ಲಗ್ಗು ಕಿತ್ತ ಮೇಲೂ ಅದು ಟ್ಯೂಬಿನಲ್ಲಿ ಉಳಿದಿರುತ್ತದೆ. ಅದರ ಹೊಡೆತಕ್ಕೆ ಕೈ ಥಟ್ಟನೆ ಹಿಂದಕ್ಕೆ ಸೆಳೆದು ಗಾಜಿನ ಕುತ್ತಿಗೆಗೋ ಲೋಹದ ಅಂಚಿಗೋ ಬಡಿದು ಗಾಯವಾಗುವುದುಂಟು. ಪೆಟ್ಟಿಗೆಯ ಮುಖ್ಯ ವಿದ್ಯುತ್ ಭಾಗವನ್ನು ಮುಟ್ಟುವುದು ಅದಕ್ಕಿಂತಲೂ ಘಾತಕ. ಅನೇಕ ಮಾನಿಟರುಗಳಿಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಕಡ್ಡಾಯ. ಅದನ್ನು ತೆಗೆದುಹಾಕಿ ಮಾರಿದ ಯಂತ್ರದಲ್ಲಿ ಮಾನಿಟರಿನ ಲೋಹದ ಚೌಕಟ್ಟೇ ಹೊಡೆದೀತು. ಜಪಾನಿನ 100 ವೋಲ್ಟಿನ, ಅಮೆರಿಕದ 120 ವೋಲ್ಟಿನ ಯಂತ್ರವನ್ನು ನಮ್ಮ 230 ವೋಲ್ಟಿಗೆ ನೇರ ಜೋಡಿಸಿದರೆ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ. ಹಳೆಯ ಟೆಲಿವಿಷನ್ ರಿಪೇರಿಯಲ್ಲಿ ಪಳಗಿದ ಕೈ ಸಿಕ್ಕದೆ ಟ್ಯೂಬಿನ ತಂಟೆಗೆ ಹೋಗಲಾಗದು.

ಬೆಸುಗೆಯ ಸೀಸವೂ ಉಪೇಕ್ಷಿಸತಕ್ಕದ್ದಲ್ಲ. ಅದು ಹೆಚ್ಚಾಗಿ ಹೊಕ್ಕುವುದು ಕೈಯಿಂದ ಬಾಯಿಗೆ. ಕೆಲಸ ಮುಗಿದೊಡನೆ ಸೋಪು ಹಚ್ಚಿ ಕೈ ತೊಳೆಯದೆ ತಿಂಡಿಯ ತಟ್ಟೆಗೆ ಕೈಯಿಡಕೂಡದು. ಬೆಸುಗೆಯ ಹೊಗೆ ಉಸಿರುನಾಳವನ್ನು ಕೆರಳಿಸುತ್ತದೆ, ಆದ್ದರಿಂದ ಕಿಟಕಿ ತೆರೆದಿರಲಿ. ಎಳೆಯ ಮಕ್ಕಳು, ಗರ್ಭಿಣಿಯರು ಆ ಮೇಜಿನಿಂದ ದೂರವಿರುವುದು ಲೇಸು. ಭಾರದ ಯಂತ್ರವನ್ನು ಬೆನ್ನು ಬಗ್ಗಿಸಿ ಎತ್ತುವ ಸಾಹಸವೂ ಬೇಡ. ಗಾಲಿಯ ತಳ್ಳುಗಾಡಿಯಿದ್ದರೆ ಸೊಂಟ ಉಳಿಯುತ್ತದೆ.

ಪಿಕ್ಚರ್ ಟ್ಯೂಬು ಸತ್ತಲ್ಲಿ ತೆಳುಪರದೆ ಕೂರಿಸುವುದನ್ನು ಕಟ್ಟಾ ಸಂಗ್ರಾಹಕರು ಅಪಚಾರವೆಂದೇ ಬಗೆಯುತ್ತಾರೆ. ನನಗೆ ಹಾಗೆನಿಸದು. ಮೂಲದ ಚಕ್ರ, ಪೆಡಲುಗಳು ಉಳಿದು ಆಟ ನಡೆದರೆ ಸಾಕು. ಕಳಚಿದ ಟ್ಯೂಬನ್ನು ಮಾತ್ರ ಬೀದಿಯ ಕಸಕ್ಕೆ ಎಸೆಯಬಾರದು. ಅದರ ಗಾಜಿನಲ್ಲಿ ಸೀಸವಿದೆ, ಒಳಗೆ ನಿರ್ವಾತವಿದೆ. ಒಡೆದರೆ ಚೂರುಗಳು ಸಿಡಿದು ಕಣ್ಣಿಗೆ ಬಡಿದಾವು. ಇಲೆಕ್ಟ್ರಾನಿಕ್ ತ್ಯಾಜ್ಯವನ್ನು ಪರವಾನಗಿ ಪಡೆದು ಸಂಗ್ರಹಿಸುವವರಿಗೆ ಅದನ್ನು ಇಡಿಯಾಗಿಯೇ ಒಪ್ಪಿಸಬೇಕು.