ಗಾಜಿನ ತೊಟ್ಟಿಯಲ್ಲಿ ಮಣ್ಣು ಹುಡುಕುವ ಆಮೆ

ವರ್ಷಗಟ್ಟಲೆ ತನ್ನ ಪಾಡಿಗೆ ತಾನಿದ್ದ ಆಮೆ ಇದ್ದಕ್ಕಿದ್ದಂತೆ ಗಾಜನ್ನು ಕೆರೆಯತೊಡಗುತ್ತದೆ. ಹಾಕಿದ ಕಾಳು ಹಾಗೇ ತೇಲುತ್ತಿರುತ್ತದೆ. ಮೂಲೆಯಿಂದ ಮೂಲೆಗೆ ಬಿಡುವಿಲ್ಲದೆ ಈಜುತ್ತದೆ, ಬಿಸಿಲಿಗೆಂದು ಇಟ್ಟ ಕಲ್ಲು ಹತ್ತಿ ಹಿಂಗಾಲಿನಿಂದ ಆ ಕಲ್ಲನ್ನೇ ತೋಡಲು ನೋಡುತ್ತದೆ. ಹುಷಾರಿಲ್ಲವೇನೋ ಎಂದು ಮನೆಯವರಿಗೆ ಅನ್ನಿಸುವುದು ಸಹಜ. ಆದರೆ ಅದು ಹೆಣ್ಣಾಗಿದ್ದು, ಬೆನ್ನುಚಿಪ್ಪು ಆರೇಳು ಇಂಚು ದಾಟಿದ್ದರೆ ಮೊದಲು ಬರಬೇಕಾದ ಗುಮಾನಿ ಮೊಟ್ಟೆಯದು. ಅದು ಹುಡುಕುತ್ತಿರುವುದು ಮಣ್ಣನ್ನು.

ಚಾಮರಾಜನಗರ, ಗುಂಡ್ಲುಪೇಟೆಯಂಥ ಊರುಗಳ ಮನೆಗೆ ಪೆಟ್ ಅಂಗಡಿಯಿಂದ ಬರುವ ಆಮೆ ಬಹುಮಟ್ಟಿಗೆ ಅಮೆರಿಕ ಮೂಲದ ರೆಡ್ ಇಯರ್ಡ್ ಸ್ಲೈಡರ್. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುತ್ತದೆ. ಕೊಳ್ಳುವಾಗ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಬೆಳೆದ ಮೇಲೆ ಗಂಡಿನ ಮುಂಗಾಲಿನ ಉಗುರು ಉದ್ದವಾಗುತ್ತದೆ, ಬಾಲ ದಪ್ಪವಾಗುತ್ತದೆ. ಹೆಣ್ಣಿನ ಉಗುರು, ಬಾಲ ಎರಡೂ ಗಿಡ್ಡ, ಮೈ ಮಾತ್ರ ದೊಡ್ಡದು. ಒಂಟಿಯಾಗಿ ಬೆಳೆದ ಹೆಣ್ಣು ಮೊಟ್ಟೆಯಿಡುವುದಿಲ್ಲ ಎಂಬ ನಂಬಿಕೆ ತಪ್ಪು. ಕೋಳಿಯ ಹಾಗೆ ಇದಕ್ಕೂ ಗಂಡಿನ ಹಂಗಿಲ್ಲ. ಮರಿಯಾಗದ ಮೊಟ್ಟೆಯನ್ನೂ ಇಡುತ್ತದೆ, ಒಂದೇ ವರ್ಷದಲ್ಲಿ ಹಲವು ಸಲ ಇಡಬಹುದು.

ನೀರಿನಲ್ಲೇ ಬದುಕುವ ಆಮೆಗೂ ಮೊಟ್ಟೆಗೆ ನೆಲವೇ ಬೇಕು. ಬಯಲಲ್ಲಾದರೆ ಅದು ದಡ ಹತ್ತಿ ಅಲ್ಲಲ್ಲಿ ಮೂಸಿ ನೋಡುತ್ತದೆ, ಹಿಂಗಾಲುಗಳನ್ನು ಒಂದಾದ ಮೇಲೊಂದು ಆಡಿಸಿ ಕುಳಿ ತೋಡುತ್ತದೆ. ನೆಲ ಗಟ್ಟಿಯಿದ್ದರೆ ತನ್ನ ಮೂತ್ರಕೋಶದ ನೀರು ಬಿಟ್ಟು ಮೆತ್ತಗೆ ಮಾಡಿಕೊಳ್ಳುತ್ತದೆ. ಮೊಟ್ಟೆಗಳನ್ನು ಇಳಿಸಿ, ಮಣ್ಣೆಳೆದು, ಹೊಟ್ಟೆಚಿಪ್ಪಿನಿಂದ ಒತ್ತಿ ಸಮ ಮಾಡಿ ಹೋಗುತ್ತದೆ. ಇಷ್ಟು ಕೆಲಸವನ್ನು ಗಾಜಿನ ಮೇಲೆ ಹೇಗೆ ಮಾಡೀತು? ಕೆಲವು ಆಮೆಗಳು ಸೋತು ನೀರಿಗೇ ಮೊಟ್ಟೆ ಬಿಡುತ್ತವೆ. ಕೆಲವು ಒಳಗೇ ಹಿಡಿದಿಟ್ಟುಕೊಳ್ಳುತ್ತವೆ. ಜೀವಕ್ಕೆ ಕುತ್ತು ಬರುವುದು ಆಗಲೇ.

ನಮ್ಮ ಸೀಮೆಯಲ್ಲಿ ಮಣ್ಣಿಗೇನು ಬರ? ಅಗಲವಾದ ಪ್ಲಾಸ್ಟಿಕ್ ಟಬ್ಬಿಗೆ ಕೆಮ್ಮಣ್ಣು, ಮರಳು ಬೆರೆಸಿ ಒಂದು ಅಡಿ ಆಳ ತುಂಬಿ. ಬರೀ ಎರೆಮಣ್ಣು ಬೇಡ, ಒಣಗಿದರೆ ಕಲ್ಲಾಗುತ್ತದೆ. ಹಿಡಿದರೆ ಮುದ್ದೆಯಾಗುವಷ್ಟು ತೇವವಿದ್ದರೆ ಸಾಕು. ಬೆಳಗಿನ ಹೊತ್ತು ಆಮೆಯನ್ನು ಅದರಲ್ಲಿ ಬಿಟ್ಟು, ಸ್ವಲ್ಪ ನೆರಳೂ ಇರುವಂತೆ ನೋಡಿಕೊಳ್ಳಿ. ನಾಯಿ, ಬೆಕ್ಕು, ಕಾಗೆಗಳ ಮೇಲೆ ಕಣ್ಣಿರಲಿ, ಆದರೆ ದೂರದಿಂದ. ಮಕ್ಕಳು ಸುತ್ತ ನಿಂತು ಮೊಬೈಲ್ ಹಿಡಿದರೆ ಅದು ಅರ್ಧ ತೋಡಿದ ಕುಳಿಯನ್ನು ಬಿಟ್ಟು ಹೊರಟುಬಿಡುತ್ತದೆ. ಒಂದೇ ದಿನಕ್ಕೆ ಮೊಟ್ಟೆ ಸಿಗದಿದ್ದರೆ ಬೇಸರ ಬೇಡ, ಮರುದಿನ ಮತ್ತೆ ಬಿಡಿ.

ಚಡಪಡಿಸುವ ಆಮೆಯ ಬಗ್ಗೆ ನನಗೆ ಅಷ್ಟು ಭಯವಿಲ್ಲ. ಭಯವಿರುವುದು ಚಡಪಡಿಸಿ ಸುಮ್ಮನಾದ ಆಮೆಯ ಬಗ್ಗೆ. ಕಣ್ಣು ಮುಚ್ಚಿ ಒಂದೇ ಕಡೆ ಕೂತಿದ್ದರೆ, ತಿನ್ನದೆ ತಿಣುಕುತ್ತಿದ್ದರೆ, ಹಿಂಗಾಲು ಸೋತಂತೆ ಕಂಡರೆ ತಡ ಮಾಡಬಾರದು. ಪಶುವೈದ್ಯರು ಎಕ್ಸ್-ರೇ ತೆಗೆದರೆ ಮೊಟ್ಟೆಗಳು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ಕ್ಯಾಲ್ಸಿಯಂ, ಆಕ್ಸಿಟೋಸಿನ್ ಚುಚ್ಚುಮದ್ದಿಗೆ ಎಷ್ಟೋ ಆಮೆಗಳು ಮೊಟ್ಟೆ ಇಳಿಸುತ್ತವೆ, ಇಲ್ಲವಾದರೆ ಶಸ್ತ್ರಚಿಕಿತ್ಸೆ. ಆಮೆ ನೋಡಿ ಪಳಗಿದ ವೈದ್ಯರು ಹತ್ತಿರದಲ್ಲಿ ಸಿಗದಿದ್ದರೆ ಮೈಸೂರು ಸುಮಾರು 60 ಕಿ.ಮೀ. ದೂರ, ಚಾಮರಾಜನಗರ, ಗುಂಡ್ಲುಪೇಟೆ ಎರಡರಿಂದಲೂ. ಮನೆಯಲ್ಲೇ ಹೊಟ್ಟೆ ಒತ್ತುವುದು, ಮೊಟ್ಟೆ ಎಳೆಯುವುದು ಖಂಡಿತ ಬೇಡ. ಒಳಗೇ ಒಡೆದರೆ ಸೋಂಕಾಗುತ್ತದೆ. ಮೊಟ್ಟೆ ಒಳಗೇ ಉಳಿಯುವ ತೊಂದರೆಗೆ ಕ್ಯಾಲ್ಸಿಯಂ ಕೊರತೆಯೂ ದೊಡ್ಡ ಕಾರಣ. ಕಿಟಕಿಯ ಗಾಜಿನಿಂದ ಬರುವ ಬಿಸಿಲಲ್ಲಿ, ಕ್ಯಾಲ್ಸಿಯಂ ಮೈಗೆ ಹತ್ತಲು ಬೇಕಾದ ಕಿರಣ ಇರುವುದಿಲ್ಲ, ನೇರ ಬಿಸಿಲೇ ಬೇಕು. ಆಮೆಯನ್ನು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಅದರ ಮೈಮೇಲೆ ಸಾಲ್ಮೊನೆಲ್ಲಾ ಇರಬಹುದು.

ಮೊಟ್ಟೆ ಸಿಕ್ಕಿತು, ಮರಿ ಮಾಡಿಸೋಣವೇ ಎಂದು ಕೇಳುವವರಿದ್ದಾರೆ. ಬೇಡ ಎನ್ನುತ್ತೇನೆ. ಗಂಡಿನ ಜೊತೆ ಹಿಂದೆಂದಾದರೂ ಇದ್ದ ಹೆಣ್ಣಿನ ಮೊಟ್ಟೆ ಮರಿಯಾಗಬಹುದು, ಆದರೆ ಇಪ್ಪತ್ತು ಮೂವತ್ತು ವರ್ಷ ಬದುಕುವ ಆ ಮರಿಗಳನ್ನು ಸಾಕುವವರು ಯಾರು? ಕೊನೆಗೆ ಸುವರ್ಣಾವತಿ ಹೊಳೆಗೋ ಊರ ಕೆರೆಗೋ ಬಿಟ್ಟುಬಿಡುತ್ತಾರೆ. ಜಗತ್ತಿನ 100 ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಯೂ ಇದೆ. ನಮ್ಮ ಆಮೆಗಳ ಆಹಾರ, ಬಿಸಿಲಿನ ಜಾಗ ಎರಡನ್ನೂ ಕಿತ್ತುಕೊಳ್ಳುತ್ತದೆ. ಇಟ್ಟ ದಿನವೇ ಮೊಟ್ಟೆಗಳನ್ನು ಫ್ರೀಜರಿನಲ್ಲಿಟ್ಟು, ಆಮೇಲೆ ಹೂಳುವುದು ಮೇಲು.

ನಮ್ಮ ನೆಲದ ಆಮೆಗಳ ಮಾತೇ ಬೇರೆ. ನಕ್ಷತ್ರ ಆಮೆಯನ್ನಾಗಲಿ ಕೆರೆಯ ಆಮೆಯನ್ನಾಗಲಿ ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಅದೃಷ್ಟಕ್ಕೆಂದು ತಂದಿದ್ದರೂ ಅಷ್ಟೇ. ಹೊಲದ ಬದುವಿನಲ್ಲಿ ಕೆರೆಯ ಆಮೆ ಕುಳಿ ತೋಡುವುದು ಕಂಡರೆ ಹಿಂದೆ ಸರಿದು ನಿಲ್ಲಿ. ಗುದ್ದಲಿಗೆ ಮೊಟ್ಟೆ ಸಿಕ್ಕರೆ ಹೊರಳಿಸಬೇಡಿ: ಕೋಳಿಮೊಟ್ಟೆಯಂತಲ್ಲ, ಭ್ರೂಣ ಮೇಲ್ಭಾಗಕ್ಕೆ ಅಂಟಿಕೊಂಡಿರುವುದರಿಂದ ತಿರುಗಿಸಿದರೆ ಸಾಯಬಹುದು. ಇದ್ದ ಹಾಗೆಯೇ ಮಣ್ಣು ಮುಚ್ಚಿ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಿ. ಅದು ಮೆದುಚಿಪ್ಪಿನ ಫ್ಲ್ಯಾಪ್‌ಶೆಲ್ ಆಮೆಯ ಮೊಟ್ಟೆಯಾಗಿದ್ದರೆ ಒಡೆಯಲು ಎಂಟೊಂಬತ್ತು ತಿಂಗಳೂ ಹಿಡಿಯಬಹುದು, ಅಷ್ಟು ದಿನ ಆ ಬದುವಿನ ತುಂಡಿಗೆ ನೇಗಿಲು ತಾಗದಿರಲಿ.